ದಲಾಲರ ಹಲಗೆ ಬರೆದದ್ದು

ಒಬ್ಬ ಮನುಷ್ಯ ಎದೆಯುಬ್ಬಿಸಿ "ನಾನು ದಲಾಲ" ಎಂದು ಹೇಳಿಕೊಂಡದ್ದನ್ನು ನಾನು ಮೊದಲು ಕೇಳಿದ್ದು ಶಿರಸಿಯಲ್ಲಿ. ನಮ್ಮ ಕೋಲಾರದ ಕಡೆ ದಲ್ಲಾಳಿ ಎಂದರೆ ಬೈಗುಳಕ್ಕೆ ಒಂದೇ ಮೆಟ್ಟಿಲು ಕಡಿಮೆ. ಇಲ್ಲಿ ಬಿಳಿ ಪಂಚೆಯ ಗಣಪಣ್ಣ ನನ್ನ ಕೈಗೆ ಚೀಟಿಯೊಂದನ್ನು ಕೊಟ್ಟು, "ಹಲಗೆ ಮೇಲೆ ಹಿಂಗೇ ಬರಿ" ಎಂದರು. ಚೀಟಿಯಲ್ಲಿ ಅವರ ಹೆಸರು, ಅದರ ಕೆಳಗೆ 'ಅಡಿಕೆ ದಲಾಲರು'.

ಇದು ತೊಂಬತ್ತರ ದಶಕದ ನಡುವಿನ ಮಾತು. ನಾನು ಬೋರ್ಡು ಬರೆಯುವವನು. ಕೋಲಾರಕ್ಕೆ ಬಂದಿದ್ದ ಲಾರಿಯೊಂದರ ಹಿಂಬದಿಗೆ ನಾನು ಬರೆದ ಅಕ್ಷರ ಅದರ ಮಾಲೀಕ ಇಮಾಮ್ ಚಾಚಾರಿಗೆ ಹಿಡಿಸಿ, ಶಿರಸಿಗೆ ಬಾ ಎಂದು ಹೇಳಿಕಳಿಸಿದ್ದರು. ಹೆಂಡತಿ ಶಾಂತಳೊಂದಿಗೆ ಬಂದಿಳಿದವನಿಗೆ ತಮ್ಮ ಲಾರಿ ಶೆಡ್ಡಿನ ಪಕ್ಕದ ಕೋಣೆಯನ್ನೂ ಬಿಟ್ಟುಕೊಟ್ಟರು. ಇಲ್ಲಿ ರಾಗಿ ಎಂದರೆ ಕಾಯಿಲೆಯವರ ಗಂಜಿ. ಅಂಗಡಿಯಲ್ಲಿ ಐದು ಕಿಲೋ ರಾಗಿ ಹಿಟ್ಟು ಕೇಳಿದರೆ, "ಎಂತಕ್ಕೆ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಅಂಗಡಿಯವರು ವಿಚಾರಿಸಿದರು. ಮುದ್ದೆಯಿಲ್ಲದ ತಟ್ಟೆಯ ಮುಂದೆ ಶಾಂತ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಣಪಣ್ಣನ ಹಲಗೆ ಈ ಊರಿನ ನನ್ನ ಮೊದಲ ಕೆಲಸ. ಅದು ಕೆಟ್ಟರೆ ಕೋಲಾರದ ಬಸ್ಸೇ ಗತಿ.

ಕೆಡಿಸಿದವನು ನಾನೇ. ಇಷ್ಟು ಮರ್ಯಾದಸ್ಥರ ಹೆಸರಿನ ಕೆಳಗೆ ಅಂಥ ಮಾತು ಬರೆಯಲು ಕುಂಚ ಏಳಲಿಲ್ಲ. ಪಾಪ, ಗೊತ್ತಿಲ್ಲದೆ ಬರೆದಿದ್ದಾರೆ ಎಂದುಕೊಂಡು, ದೊಡ್ಡ ಉಪಕಾರ ಮಾಡುವವನಂತೆ 'ಅಡಿಕೆ ವರ್ತಕರು' ಎಂದು ಹಳದಿ ಬಣ್ಣದಲ್ಲಿ ಬರೆದು, ಅವರು ಬರುವ ಮುಂಚೆಯೇ ವಖಾರಿಯ ಬಾಗಿಲ ಮೇಲೆ ತೂಗುಹಾಕಿದೆ. ನಾವು ಮಂಡಿ ಎನ್ನುವುದನ್ನು ಇಲ್ಲಿ ವಖಾರಿ ಎನ್ನುತ್ತಾರೆ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಮರಾಠಿಯ ಜೊತೆ ಬಂದು ಇಲ್ಲೇ ಉಳಿದ ಮಾತಂತೆ.

ಬೆಳಿಗ್ಗೆ ವಾನಳ್ಳಿಯ ರೈತರೊಬ್ಬರು ಜೀಪಿನಲ್ಲಿ ಅಡಿಕೆ ಚೀಲ ತಂದರು. ಹಲಗೆ ಓದಿದರು, ಚೀಲ ಇಳಿಸಲಿಲ್ಲ.

"ಗಣಪಣ್ಣ, ನೀನೇ ಅಡಿಕೆ ತಗಳಲೆ ಶುರು ಮಾಡಿದ್ಯ? ಹಂಗಾರೆ ಆನು ಬೇರೆ ಬದಿಗೆ ಹೋಗ್ತೆ."

ಗಣಪಣ್ಣ ತಲೆಯೆತ್ತಿ ನೋಡಿ ಬೆವರಿದರು. ರೈತರನ್ನು ಸಮಾಧಾನ ಮಾಡಿ ಚೀಲ ಇಳಿಸಿಕೊಂಡ ಮೇಲೆ ನನ್ನ ಕಡೆ ತಿರುಗಿದರು. "ಎಂತ ಮಾಡಿಟ್ಟೆ ಮಾರಾಯ. ರೈತರು ನಮಗೆ ಮಾರೋದಲ್ಲ, ನಮ್ಮನ್ನ ನಂಬಿ ಇಟ್ಟು ಹೋಗೋದು. ಕೊಳ್ಳೋರು ಬೇರೆ. ನಾನೇ ಕೊಳ್ಳೋನಾದ್ರೆ ಅವರ ಪರ ರೇಟು ಕೇಳೋರು ಯಾರು?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೋಣೆಗೆ ಬಂದು ಟ್ರಂಕು ಕಟ್ಟು ಎಂದು ಶಾಂತಳಿಗೆ ಹೇಳಿದೆ. ಚಾಚಾ ಕೇಳಿಸಿಕೊಂಡು ನಕ್ಕರು.

"ದಲಾಲ ಅರಬ್ಬಿ ಮಾತು ಬೇಟಾ. ದಾರಿ ತೋರ್ಸೋನು ಅಂತ. ಕೆಟ್ಟ ಮಾತು ಯಾಕಾಗುತ್ತೆ? ನಮ್ಮ ಹಮಾಲರ ಹೆಸರೂ ಅರಬ್ಬಿನೇ, ಹೊರೋನು ಅಂತ. ರಶೀದಿ ಫಾರ್ಸಿ, ಬಂದು ಮುಟ್ಟಿತು ಅಂತ ಅರ್ಥ. ನಿನ್ನ ಬಾಯಲ್ಲಿರೋ ಗಿರಾಕಿ ಸಂಸ್ಕೃತದ ಗ್ರಾಹಕ. ಇವರೆಲ್ಲ ಎಲ್ಲೆಲ್ಲಿಂದಲೋ ಬಂದು ಈ ಪೇಟೇಲಿ ಹೊಟ್ಟೆ ಹೊರ್ಕೊಂಡಿದಾರೆ. ನೀನು ಒಂದು ಹಲಗೆಗೆ ಹೆದ್ರಿ ಓಡ್ತೀಯಾ?"

ಮರುದಿನ ಹಲಗೆ ಇಳಿಸಿ, ಕೆರೆದು, 'ಅಡಿಕೆ ದಲಾಲರು' ಎಂದು ಬರೆದೆ. ಗಣಪಣ್ಣ ಬಯ್ಯಲಿಲ್ಲ. ಸ್ಕೂಟರ್ ಹತ್ತು ಎಂದರು. ಪೇಟೆಯ ನಾಲ್ಕು ವಖಾರಿಗಳ ಬಾಗಿಲಿಗೆ ಕರೆದೊಯ್ದು, ಪ್ರತಿಯೊಂದರಲ್ಲೂ ಅದೇ ಮಾತು ಹೇಳಿದರು: "ಇವನ ಕೈ ಚಲೋ ಇದ್ದು. ಒಂದು ತಪ್ಪು ಮಾಡಿದ್ದ, ಇನ್ನು ಮಾಡ್ತ್ನಿಲ್ಲೆ."

ನಾಲ್ಕರಲ್ಲಿ ಮೂರು ಕಡೆ ಕೆಲಸ ಸಿಕ್ಕಿತು. ಅಲ್ಲಿಂದ ಸಿದ್ದಾಪುರ, ಯಲ್ಲಾಪುರದವರೆಗೂ ನನ್ನ ಅಕ್ಷರಗಳು ಹೋದವು. ಕುಚ್ಚಲಕ್ಕಿ ಅನ್ನ, ತಂಬಳಿ ನಾಲಿಗೆಗೆ ಒಗ್ಗಿದವು. ಫ್ಲೆಕ್ಸ್ ಬಂದು ಕೈಬರಹಕ್ಕೆ ಕುತ್ತು ಬಂದಾಗಲೂ ಈ ಜನ ಕೈಬಿಡಲಿಲ್ಲ. ಅಡಿಕೆ ಚೀಲಗಳ ಮೇಲೆ ಗುರುತು ಬರೆಯುವ ಕೆಲಸವನ್ನು ಹುಡುಕಿ ಹುಡುಕಿ ಕೊಟ್ಟರು. ಅವರ ಋಣವನ್ನು ಈ ಜನ್ಮದಲ್ಲಿ ತೀರಿಸಲಾರೆ.

ಅದೇ ದಿನಗಳಲ್ಲಿ ಕೋಲಾರದ ಬಸ್ ನಿಲ್ದಾಣದ ಹತ್ತಿರ ತಮ್ಮ ನನಗೊಂದು ಮಳಿಗೆ ನೋಡಿದ. ಬರುವುದಿಲ್ಲ ಎಂದು ಹೇಳಲು ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಅಮ್ಮ ಎತ್ತಿಕೊಂಡಳು.

"ಅಲ್ಲಿ ನಿಂಗೆ ಯಾರವ್ರೆ ಅಂತ ಇರ್ತೀಯಪ್ಪಾ?"

ಗಣಪಣ್ಣ, ಚಾಚಾ, ಶಾಂತಳಿಗೆ ಹೆರಿಗೆ ಮಾಡಿಸಿದ ನಿಲ್ಕುಂದದ ನರ್ಸಕ್ಕ, ಹಮಾಲರು, ಒಬ್ಬೊಬ್ಬರನ್ನೇ ಹೇಳುತ್ತಾ ಹೋದೆ. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ಒಳ್ಳೇದಾಯ್ತು ಬಿಡು, ಅಷ್ಟು ಜನ ಅವ್ರಲ್ಲ. ಹಂಗಾದ್ರೆ ನಿನ್ನ ರೂಮು ತಮ್ಮನಿಗೆ ಕೊಟ್ಬಿಡ್ಲಾ?"

ಬೂತಿನವರು ಗಾಜು ತಟ್ಟುವವರೆಗೂ ಫೋನು ಹಿಡಿದೇ ನಿಂತಿದ್ದೆ.