ಉದಗೀರದ ಅಲವಿ ಸೊಸೆ

ಉಮರ್ಗಾದಿಂದ ನಿಲಂಗಾಕ್ಕೆ ಹೊರಟ ಎಸ್‌ಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೆಂಗಸರಿಗೆ ಅರ್ಧ ಟಿಕೆಟ್. ಕಡಲೆ ಕಿತ್ತ ಹೊಲಗಳ ಮೇಲೆ ಆಗಲೇ ಬಿಸಿಲು ಏರಿತ್ತು. ದುಬೈಯಲ್ಲಿರುವ ಚಿಕ್ಕಪ್ಪನ ಮಗ ಶಿವಲಿಂಗ ಫೋನು ಮಾಡಿ, ಉದಗೀರದ ಮನೆಯಲ್ಲಿ ಹೆಂಡತಿ ರೀಮಾ ಊಟ ಬಿಟ್ಟಿದ್ದಾಳೆ, ಒಮ್ಮೆ ಹೋಗಿ ಬಾ ಅಂದಿದ್ದ.

ರೀಮಾ ಸಿರಿಯಾದವಳು, ಶಿಯಾ ಮೂಲದ ಅಲವಿ ಎಂಬ ಸಣ್ಣ ಪಂಗಡದವಳು. ದುಬೈಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಗ ಇಬ್ಬರೂ ಮೆಚ್ಚಿ ಮದುವೆಯಾದವರು. ಮಗಳು ನೂರಾ ಹುಟ್ಟಿದ ಮೇಲೆ ಉದಗೀರದ ನಮ್ಮ ಜಂಗಮರ ಮನೆಗೆ ಬಂದು, ಅತ್ತೆಯಿಂದ ಕನ್ನಡ ಕಲಿತಳು. ಅವಳ ದೇಶದಲ್ಲಿ ಸರ್ಕಾರ ಉರುಳಿತ್ತು. ಆಳುತ್ತಿದ್ದವನು ಅಲವಿ ಎಂಬ ಕಾರಣಕ್ಕೆ ಕಡಲ ಕಡೆಯ ಅಲವಿ ಊರುಗಳಿಗೆ ಬಂದೂಕಿನವರು ನುಗ್ಗಿದ್ದರು. ತಾಯಿಯದೂ ಅಣ್ಣನದೂ ಸುದ್ದಿಯೇ ಇರಲಿಲ್ಲ.

ನಿಲಂಗಾದಲ್ಲಿ ಬಸ್ಸು ಬದಲಿಸುವ ಮೊದಲು ಗಾಡಿಯ ಮುಂದೆ ನಿಂತು ಖಾರದ ನಿಲಂಗಾ ರೈಸ್ ತಿಂದೆ. ಉದಗೀರ ಮುಟ್ಟಿದಾಗ ಮಧ್ಯಾಹ್ನ.

ಸಂಜೆ ತಾಯಿ ಮಗಳನ್ನು ಕೋಟೆಗೆ ಕರೆದೊಯ್ದೆ. ಅಲ್ಲಿನ ಸಂತ ಉದಗೀರ ಬಾಬಾನ ಸಮಾಧಿಯ ಬಳಿ ಕೂತು ರೀಮಾ ಮಾತಾಡತೊಡಗಿದಳು. ಅವರ ಬೆಟ್ಟದಲ್ಲೂ ಸಂತರ ಬಿಳಿ ಗುಮ್ಮಟದ ಸಮಾಧಿಗಳಿವೆ, ಸುತ್ತ ಯಾರೂ ಕೊಡಲಿ ಹಾಕದ ಓಕ್ ಮರಗಳು. ಹಿಂದೆ ಹೊರಗಿನವರು ಅವಳ ಜನರನ್ನು ನುಸೈರಿ ಅಂತ ಹೀಗಳೆಯುತ್ತಿದ್ದರಂತೆ. ಪ್ರವಾದಿಯ ಅಳಿಯ ಅಲಿಯನ್ನು ನೆಚ್ಚಿದವರು ಎಂಬ ಅರ್ಥದ ಅಲವಿ ಹೆಸರು ಗಟ್ಟಿಯಾದದ್ದು ಅಜ್ಜಂದಿರ ಕಾಲಕ್ಕೆ. ಅಣ್ಣನಿಗೆ ಇದೆಲ್ಲ ಚೆನ್ನಾಗಿ ಗೊತ್ತು ಎಂದಳು.

“ಧರ್ಮದ ಒಳಗಿನ ಮಾತು ಗಂಡಸರಿಗಷ್ಟೇ ಕಲಸ್ತಾರಕ್ಕಾ. ನಾ ಲೋಬಾನ ಹಾಕೋದು, ಗಿಡಕ್ಕ ಹಸರ ಅರಿಬಿ ಕಟ್ಟೋದು ಇಷ್ಟೇ ಕಲ್ತೀನಿ. ಅಣ್ಣ ಇಲ್ಲಂದ್ರ ನೂರಾಗ ನಾ ಏನು ಕೊಡ್ಲಿ?”



ಮರುದಿನ ಬೆಳಿಗ್ಗೆ ಸಿರಿಯಾದಿಂದ ರೀಮಾಗೆ ಫೋನು ಬಂತು. ತಾಯಿ ಬದುಕಿದ್ದಳು, ನೆರೆಯ ಸುನ್ನಿ ಕುಟುಂಬವೊಂದು ತಮ್ಮ ಮನೆಯಲ್ಲಿ ಬಚ್ಚಿಟ್ಟು ಉಳಿಸಿತ್ತು. ಅಣ್ಣನನ್ನು ಆ ಓಕ್ ಮರಗಳ ಕೆಳಗೇ ಮಣ್ಣು ಮಾಡಿದ್ದರು. ತಾನು ಬರುತ್ತೇನೆಂದರೆ ತಾಯಿ ಬೇಡವೆಂದಳಂತೆ. ಮಾತು ಮುಗಿದ ಮೇಲೂ ರೀಮಾ ಫೋನನ್ನು ಎದೆಗೊತ್ತಿಕೊಂಡು ಅಡುಗೆಮನೆಯಲ್ಲಿ ನಿಂತೇ ಇದ್ದಳು. ಅತ್ತೆ ರೊಟ್ಟಿ ಮುರಿದು ಬಾಯಿಗಿಟ್ಟರು. ತಿಂದಳು.

ನನ್ನನ್ನು ಕಳಿಸಲು ತಾಯಿ ಮಗಳಿಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರು. ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ನೂರಾಳ ಬೆಕ್ಕುಗಣ್ಣು ನೋಡಿ, “ಯಾವೂರಾಕಿ ನೀ?” ಎಂದು ಕೇಳಿದಳು.

“ಉದಗೀರ,” ಅಂದಳು ನೂರಾ.

ರೀಮಾ ಬಗ್ಗಿ ಅವಳ ಕಿವಿಯಲ್ಲಿ ತನ್ನ ಬೆಟ್ಟದ ಊರಿನ ಹೆಸರು ಉಸುರಿದಳು. “ಐನ್ ಜೌಜ್,” ಎಂದು ಮಗು ತೊದಲಿತು. ಮುದುಕಿಗೆ ಕೇಳಿಸಲಿಲ್ಲ, ಮತ್ತೆ ಕೇಳಿದಳು. ಅಷ್ಟರಲ್ಲಿ ನನ್ನ ಬಸ್ಸು ಹೊರಟಿತು, ಓಡಿ ಹತ್ತಿದೆ. ತಿರುಗಿ ನೋಡಿದೆ. ಈ ಸಲ ತಾಯಿ ಮಗಳು ಇಬ್ಬರ ತುಟಿಗಳೂ ಒಟ್ಟಿಗೆ ಆಡುತ್ತಿದ್ದವು.