ಗಣಪ ಆಚಾರಿಯ ಕೊನೆಯ ಕತ್ತಿಗಳು

ಹಳದೀಪುರದ ಹೆದ್ದಾರಿಯಲ್ಲಿ ಮೊದಲ ಬಸ್ಸು ಇನ್ನೂ ಹೋಗಿಲ್ಲ. ತೆಂಗಿನ ತೋಟದ ಅಂಚಿನ ಕುಲುಮೆಯಲ್ಲಿ ಮಂಗಲಾ ಬೆಂಕಿ ಹೊತ್ತಿಸಿ ಗಾಳಿ ಊದುವ ತಿದಿಯ ಹಗ್ಗ ಎಳೆಯುತ್ತಿದ್ದಾರೆ. ಬಾಗಿಲು ಅರ್ಧ ಮುಚ್ಚಿದೆ. ಕಾದ ಕಬ್ಬಿಣದ ಬಣ್ಣ ಹಗಲಿನ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಹದ ಹಾಕುವುದಿದ್ದರೆ ಸೂರ್ಯ ಹುಟ್ಟುವ ಮೊದಲೇ ಹಾಕಬೇಕು. ಗಂಡ ಗಣಪ ಆಚಾರಿಯವರ ಪಾಠ ಇದು. ಅವರು ಕೂರುತ್ತಿದ್ದ ಮಣೆ, ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದಲ್ಲೇ ಇದೆ. ಮಂಗಲಾ ಅದರ ಮೇಲೆ ಕೂರುವುದಿಲ್ಲ, ನಿಂತೇ ಕೆಲಸ ಮಾಡುತ್ತಾರೆ.

ಈ ಸಲ ಚೌತಿ ಕಳೆದ ಮೇಲೆ, ಮಧ್ಯಾಹ್ನದ ಊಟಕ್ಕೆ ಕೈ ತೊಳೆಯಲು ಹೋದ ಆಚಾರಿಯವರು ಬಾವಿಕಟ್ಟೆಯ ಬಳಿ ಕುಸಿದು ಕುಳಿತರು. ಮತ್ತೆ ಏಳಲಿಲ್ಲ. ಹೊನ್ನಾವರದಿಂದ ಕುಮಟಾವರೆಗೆ ಗದ್ದೆ ಕೊಯ್ಯುವವರು ಹುಡುಕಿಕೊಂಡು ಬರುತ್ತಿದ್ದದ್ದು ಅವರ ಕತ್ತಿಯನ್ನೇ.

ಮನೆಯ ಮಟ್ಟಿಗೆ ಅವರು ಬೇರೆಯೇ ಮನುಷ್ಯ. “ಎರಡನೇ ಬಾಣಂತನದಲ್ಲಿ ನಂಗೆ ಏಳೂಕೇ ಆಗ್ತಿರ್ಲಿಲ್ಲ. ದೊಡ್ಡವಳು ವಿನುತಾನ ಜಡೆ ಅವ್ರೇ ಹಾಕಿ ಶಾಲೆಗೆ ಕಳಿಸ್ತಿದ್ರು. ಕಬ್ಬಿಣ ಬಗ್ಗಿಸೋ ಕೈ ಅಲ್ವಾ? ಬಿಗಿದ್ರೆ ಹುಡುಗಿ ಹುಬ್ಬು ಹೋಗಿ ಹಣೆ ಮೇಲೆ ಕೂತ್ಕಂತಿತ್ತು!” ಎಂದು ಮಂಗಲಾ ನಗುತ್ತಾರೆ.

ವಿನುತಾಳನ್ನು ಕುಮಟಾಕ್ಕೆ ಮದುವೆ ಮಾಡಿ ಕೊಟ್ಟಾಗ ತರಕಾರಿ ಹೆಚ್ಚಲು ಒಂದು ಮೆಟ್ಟುಗತ್ತಿ ಮಾಡಿಕೊಟ್ಟಿದ್ದರು. ಅದನ್ನು ಮಸೆಯುವ ನೆಪದಲ್ಲಿ ಭಾನುವಾರ ಬಂತೆಂದರೆ ಬಸ್ಸು ಹತ್ತುತ್ತಿದ್ದರು. ವಿನುತಾ ಹೇಳುವುದು ಕೇಳಿ: “ಅಪ್ಪನ ಕತ್ತಿ ವರ್ಷ ಆದ್ರೂ ಮೊಂಡಾಗೂದಲ್ಲ. ಶನಿವಾರ ನಾನೇ ಅದನ್ನ ಕಲ್ಲಿಗೆ ಉಜ್ಜಿ ಮೊಂಡು ಮಾಡಿ ಇಡ್ತಿದ್ದೆ. ಅಷ್ಟು ದೂರದಿಂದ ಬಂದವ್ರಿಗೆ ಎಂತಾದ್ರೂ ಕೆಲ್ಸ ಬೇಕಲ.”

ಆಚಾರಿಯವರು ತೀರಿಕೊಂಡಾಗ ಈ ವರ್ಷದ ಕೊಯ್ಲಿನ ಕತ್ತಿಗಳೆಲ್ಲ ಬಡಿದು, ಬಾಗಿಸಿ, ಹಿಡಿ ಹಾಕದೆ ಗೋಡೆಗೆ ತೂಗುತ್ತಿದ್ದವು. ಹಿಡಿಯನ್ನು ಒಯ್ದವರೇ ಹಾಕಿಕೊಳ್ಳುವುದು ರೂಢಿ, ಹದ ಹಾಕುವುದೊಂದು ಬಾಕಿ ಇತ್ತು. ಅದು ಯಾರಿಗೂ ಹೊಳೆಯಲಿಲ್ಲ. ವೈಕುಂಠ ಸಮಾರಾಧನೆಗೆ ಬಂದವರಿಗೆ ಅಳಿಯ ದಿನಕರ ಅವರವರ ಕತ್ತಿಯನ್ನು ಇಳಿಸಿ ಕೊಟ್ಟುಬಿಟ್ಟ. ಜನ ಅದನ್ನು ಕಣ್ಣಿಗೊತ್ತಿಕೊಂಡು ಒಯ್ದರು. ಮಂಗಲಾ ಒಳಗೆ ಮೂಲೆ ಹಿಡಿದಿದ್ದರು.

ಕೊಯ್ಲು ಶುರುವಾದ ದಿನವೇ ಗದ್ದೆ ಕೊಯ್ಯುವ ಚೌಡ ಬಂದು ಅಂಗಳದಲ್ಲಿ ನಿಂತ. ಅವನ ಕತ್ತಿಯ ಬಾಯಿ ಒದ್ದೆ ರಟ್ಟಿನಂತೆ ಮಡಚಿಹೋಗಿತ್ತು.

“ಮಂಗಲಕ್ಕ, ಆಚಾರಿ ಹೋಗೂ ಮುಂಚೆ ನಂಗೊಂದು ತಮಾಷೆ ಮಾಡಿ ಹೋದ್ರಾ ಎಂತ?”

ಕತ್ತಿ ನೋಡಿದ ಮಂಗಲಾಗೆ, ಹದ ಹಾಕದೆ ಕೊಟ್ಟ ತಪ್ಪು ತಿಳಿಯಿತು. “ಯಾರ ಹತ್ರ ಆದ್ರೂ ಹೇಳಿದ್ಯನಾ?”

“ನಾ ಎಂತಕ್ಕೆ ಹೇಳ್ಲಿ? ಗದ್ದೆಲಿ ಎಲ್ಲರ ಕತ್ತಿನೂ ಹಿಂಗೇ ಆಗ್ಯದೆ.”

ಗಂಡ ಜೀವಮಾನವಿಡೀ ಗಳಿಸಿದ ಹೆಸರು ಒಂದು ಕೊಯ್ಲಿನಲ್ಲಿ ಹೋಗುವುದಿತ್ತು. ಮಂಗಲಾ ಮನೆಮನೆಗೆ ಹೋಗಿ ಕತ್ತಿಗಳನ್ನು ವಾಪಸು ತಂದರು. ಸುತ್ತಿಗೆ ಹಿಡಿದು ಅಭ್ಯಾಸವಿಲ್ಲ, ಮಡಚಿದ ಬಾಯನ್ನಷ್ಟೇ ಮೆಲ್ಲಗೆ ತಟ್ಟಿ ನೇರ ಮಾಡಿದರು. ಬಣ್ಣ ಮಾತ್ರ ಅವರಿಗೆ ಗೊತ್ತು. ಮದುವೆಯಾದಂದಿನಿಂದ ತಿದಿ ಎಳೆಯುತ್ತ ಕಣ್ಣಲ್ಲಿ ತುಂಬಿಕೊಂಡ ಬಣ್ಣ ಅದು. “ಕೆಂಪು ಏರಿ ಹಳದಿಗೆ ತಿರುಗೂಕೆ ಬಿಡ್ಬಾರ್ದು. ಬಿಟ್ರೆ ಕತ್ತಿ ಗಾಜಿನ ಹಾಂಗೆ ಮುರೀತದೆ. ಅವ್ರು ‘ಆತು’ ಅಂತಿದ್ರು, ನಾ ತಿದಿ ನಿಲ್ಲಿಸ್ತಿದ್ದೆ. ಈಗ ‘ಆತು’ ಅಂಬುದೂ ನಾನೇ.”

ಚೌಡನ ಕತ್ತಿ ಮೊದಲು ಹದವಾಗಿ ಅವನ ಕೈಸೇರಿತು. ಸಂಜೆ ಆತ ಒಂದು ಹೊರೆ ಹುಲ್ಲು ತಂದು ಕೊಟ್ಟಿಗೆಯಲ್ಲಿ ಹಾಕಿ ಹೋದ. ಉಳಿದವರೂ ಒಬ್ಬೊಬ್ಬರಾಗಿ ಒಯ್ದರು. ಈಗ ಗೋಡೆಯ ಮೇಲಿರುವುದು ಎದುರು ಗದ್ದೆಯ ಗಂಗಿಯ ಕತ್ತಿ ಒಂದೇ. ಮಂಗಲಾ ದಿನಾ ಬೆಂಕಿ ಹಾಕುತ್ತಾರೆ, ಅದನ್ನು ಕೆಳಗಿಳಿಸುತ್ತಾರೆ, ಮತ್ತೆ ತೂಗುಹಾಕುತ್ತಾರೆ.

“ಅವ್ರ ಸುತ್ತಿಗೆ ಬಿದ್ದ ಕಬ್ಬಿಣ ಇನ್ನು ಇದೊಂದೇ. ಇದನ್ನ ನೀರಿಗೆ ಅದ್ದಿದ್ರೆ ಮುಗೀತು.”

ಬೆಳಕು ಹರಿಯುವಾಗ ಗಂಗಿಯೇ ಬಂದು ಬಾಗಿಲಿಗೆ ಒರಗುತ್ತಾಳೆ. ಗೋಡೆ ನೋಡುತ್ತಾಳೆ, ಮಂಗಲಾರ ಮುಖ ನೋಡುತ್ತಾಳೆ.

“ಆಗಿಲ್ವೇ ಗಂಗಿ, ನಾಳೆ ಬಾ.”

“ಅವಸರ ಎಂತದೂ ಇಲ್ಲ ಅಕ್ಕ. ನಮ್ಮ ಗದ್ದೆ ಇನ್ನೂ ಹಸಿರೇ ಅದೆ.”

ಗಂಗಿಯ ಗದ್ದೆ ಕುಲುಮೆಯ ಬಾಗಿಲಿಗೇ ಕಾಣುತ್ತದೆ. ಕೊಯ್ಲು ಮುಗಿದು ಬರೀ ಕೂಳೆ ನಿಂತಿದೆ. ಮಂಗಲಾ ಅತ್ತ ನೋಡುತ್ತಾರೆ.

“ಹಂಗಾದ್ರೆ ನಾಡಿದ್ದು ಬಾ,” ಎನ್ನುತ್ತಾರೆ.