ಮುನಿಲಕ್ಷ್ಮಮ್ಮನವರ ಎರಡು ಸಾವಿರ

ನಮ್ಮ ಓನರ್ ಮುನಿಲಕ್ಷ್ಮಮ್ಮನವರಿಗೆ ಕಷ್ಟವಿದೆ ಎಂಬುದು ನನಗೆ ಸರ್ಕಾರದಿಂದ ತಿಳಿಯಿತು. ಇಟ್ಟಮಡುವಿನಲ್ಲಿ ನಾಲ್ಕಂತಸ್ತಿನ ಕಟ್ಟಡ, ಎಂಟು ಬಾಡಿಗೆ ಸಂಸಾರ, ಕೆಳಗೆ ಎರಡು ಅಂಗಡಿ, ಮಗ ಕೆಂಪರಾಜುವಿನ ಬಿಳಿ ಕಾರು ನಿಲ್ಲಲು ಅರ್ಧ ರಸ್ತೆ. ಇಷ್ಟೆಲ್ಲ ಇರುವವರ ಕಷ್ಟ ಮೊದಲ ಮಹಡಿಯಲ್ಲಿ ಬಾಡಿಗೆಗಿರುವ ನನಗೆ ಹೇಗೆ ಗೊತ್ತಾಗಬೇಕು? ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಎಂದು ಸರ್ಕಾರ ಸಾರಿದಾಗ ಅರ್ಜಿ ಹಾಕುವ ಸಾಲಿನಲ್ಲಿ ಆಕೆ ಮೂರನೆಯವರಾಗಿ ನಿಂತಿದ್ದರು.

ಹಣ ಬಂದ ದಿನದ ಅವರ ಸಿದ್ಧತೆ ನೋಡುವಂತಿರುತ್ತಿತ್ತು. ಚಿನ್ನದ ಬಳೆಗಳು ಬೀರುವಿಗೆ, ಮಾಸಿದ ವಾಯಿಲ್ ಸೀರೆ ಮೈಗೆ. ಮನೆ ಮುಂದಿನ ಕಾರು ಬೇಡ, ಉಚಿತ ಬಸ್ಸೇ ಆಗಬೇಕು. ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ಗಂಟೆಗಟ್ಟಲೆ ಕಾದು ನಾಲ್ಕು ಐನೂರರ ನೋಟು ತೆಗೆದುಕೊಳ್ಳುವರು. ಬರುವಾಗ ದರ್ಶಿನಿಗೆ ಹೋಗಿ, ತಾವೇ ಟೋಕನ್ ಕೊಂಡು, ನಿಂತುಕೊಂಡೇ ಒಂದು ಖಾರಾಬಾತ್, ಒಂದು ಕಾಫಿ ಮುಗಿಸುವರು. ಉಳಿದದ್ದು ಎಲೆಯಡಿಕೆ ಚೀಲದೊಳಗೆ.

ನನ್ನ ತೆರಿಗೆ ಹಣದಲ್ಲಿ ಖಾರಾಬಾತ್ ಎಂದು ನಾನು ಪಾರ್ಕಿನಲ್ಲಿ ದಿನಾ ಭಾಷಣ ಬಿಗಿಯುತ್ತಿದ್ದೆ. ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸವೆಸಿದ ಈ ಅನಂತಪದ್ಮನಾಭನಿಗಲ್ಲದೆ ಬೊಕ್ಕಸದ ಚಿಂತೆ ಇನ್ನಾರಿಗೆ? ಪಿಂಚಣಿಯ ತುಟ್ಟಿಭತ್ಯೆ ಏರಿದ ದಿನ ಮಾತ್ರ ಭಾಷಣಕ್ಕೆ ರಜೆ ಎಂದು ನನ್ನ ಹೆಂಡತಿ ಸೀತಮ್ಮ ಹಂಗಿಸುತ್ತಾಳೆ. ಅವಳಿಗೆ ಅರ್ಥಶಾಸ್ತ್ರ ತಿಳಿಯದು.

ಹೋದ ದೀಪಾವಳಿಯ ನಂತರ ಮುನಿಲಕ್ಷ್ಮಮ್ಮನವರಿಗೆ ಹಣ ಬರುವುದು ನಿಂತಿತು. ಮೂಲೆಯಲ್ಲಿ ಹೂವು ಮಾರುವ ಕಮಲಾದೇವಿಗೆ ಬಂತು, ಮೂರನೇ ಮಹಡಿಯವರಿಗೆ ಬಂತು, ಇವರಿಗಿಲ್ಲ. ನಾಲ್ಕು ತಿಂಗಳು ಕಾದು, ಕಚೇರಿಗೆ ಜೊತೆಗೆ ಬರುವಿರಾ ಎಂದು ಕೇಳಲು ಮೇಲೆ ಬಂದರು. ಎರಡು ಸಾವಿರಕ್ಕೆ ಹೋಗಿ ಮಾನ ಕಳೆಯಬೇಡ ಎಂದು ಮಗ ರೇಗಿದನಂತೆ. ನಾನು ತಕ್ಷಣ ಒಪ್ಪಿಕೊಂಡೆ. ಆಕೆಯ ಅರ್ಜಿ ತಿರಸ್ಕಾರವಾಗುವುದನ್ನು ಕಣ್ಣಾರೆ ನೋಡುವ ಭಾಗ್ಯ ಯಾರಿಗುಂಟು!

ಬಸ್ಸಿನಲ್ಲಿ ನನಗೆ ಟಿಕೆಟ್, ಅವರಿಗೆ ಉಚಿತ. ನಾನು ಹಲ್ಲು ಕಚ್ಚಿ ಕೂತಿದ್ದಾಗ ಅವರೇ ಮಾತು ತೆಗೆದರು.

“ಐನೋರೇ, ಐವತ್ತು ರೂಪಾಯಿ ಬೇಕು ಅಂದ್ರೂ ಸೊಸೆ ದಿವ್ಯ ‘ಏನಕ್ಕೆ ಅತ್ತೆ?’ ಅಂತಾಳೆ. ಕೊಡಲ್ಲ ಅನ್ನಲ್ಲ, ಕೊಡ್ತಾಳೆ. ಮಗಾನೂ ಕೊಡ್ತಾನೆ. ಆದ್ರೆ ಏನಕ್ಕೆ ಅಂತ ಕೇಳ್ದೆ ಕೊಡಲ್ಲ. ಯಾರೂ ಕೇಳ್ದೆ ಬರ್ತಿದ್ದಿದ್ದು ಇದೊಂದೇ ದುಡ್ಡು.”

ಒಂದು ಕ್ಷಣ ಅಯ್ಯೋ ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಕಚೇರಿಯಲ್ಲಿ ಕಂಪ್ಯೂಟರ್ ಮುಂದಿದ್ದ ಹುಡುಗಿ ಆಧಾರ್ ನಂಬರ್ ಒತ್ತಿ ನೋಡಿ, “ಇವರು ಇನ್‌ಕಮ್ ಟ್ಯಾಕ್ಸ್ ಕಟ್ತಾರೆ ಸಾರ್. ಟ್ಯಾಕ್ಸ್ ಕಟ್ಟೋರಿಗೆ ಇದು ಬರಲ್ಲ” ಎಂದಳು.

ಮುನಿಲಕ್ಷ್ಮಮ್ಮ ನಕ್ಕುಬಿಟ್ಟರು. ತಮ್ಮ ಹೆಸರಿನಲ್ಲಿ ಇರುವುದು ಆ ಪಾಸ್‌ಬುಕ್ ಒಂದೇ ಎಂದರು. ನಾನು ಬಿಡಿಸಿ ಬಿಡಿಸಿ ಕೇಳಿದ ಮೇಲೆ ಒಂದೊಂದೇ ಹೊರಬಂತು. ಇಪ್ಪತ್ತು ವರ್ಷದ ಹಿಂದೆ ಹೊಲ ಮಾರಿದಾಗ ಗಂಡ ಚಿಕ್ಕಬೈರಪ್ಪ ಈ ಸೈಟನ್ನು ಆಕೆಯ ಹೆಸರಿಗೇ ರಿಜಿಸ್ಟರ್ ಮಾಡಿಸಿದ್ದ. ಅವನು ಹೋದ ಮೇಲೆ ಎಲ್ಲ ಮಗನಿಗೆ ಸೇರಿತೆಂದು ಆಕೆ ತಿಳಿದಿದ್ದರು. ಕಳೆದ ವರ್ಷ ಕೆಂಪರಾಜು ಆಡಿಟರ್ ಹತ್ತಿರ ಕರೆದುಕೊಂಡು ಹೋಗಿ ನಾಲ್ಕಾರು ಕಡೆ ಸಹಿ ಹಾಕಿಸಿದ್ದ. ಆಗಿನಿಂದ ಬಾಡಿಗೆಗೆ ಸ್ಕ್ಯಾನ್ ಮಾಡಿದರೆ ನನ್ನ ಫೋನಿನಲ್ಲಿ ಬರುತ್ತಿದ್ದದ್ದು ಆಕೆಯ ಹೆಸರು. ನಾನದನ್ನು ಮಾತೃಭಕ್ತಿ ಎಂದುಕೊಂಡಿದ್ದೆ, ಬಾಡಿಗೆಯನ್ನು ತಾಯಿಯ ಆದಾಯವೆಂದು ತೋರಿಸಿ ತನ್ನ ತೆರಿಗೆ ಉಳಿಸುವ ಲೆಕ್ಕ ಎಂದುಕೊಂಡಿರಲಿಲ್ಲ.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಮನೆಗೆ ಬರಬಹುದಿತ್ತು. ಆದರೆ ಬೇರೆಯವರ ತಪ್ಪು ಕಣ್ಣಿಗೆ ಬಿದ್ದರೆ ಸುಮ್ಮನಿರುವ ಅಭ್ಯಾಸ ನಮ್ಮ ಇಲಾಖೆಯವರಿಗಿಲ್ಲ. ಫುಟ್‌ಪಾತಿನ ಮೇಲೆ ನಿಂತು ಸಂತೋಷವಾಗಿ ವಿವರಿಸಿದೆ. ಕಟ್ಟಡ ನಿಮ್ಮದು, ತಿಂಗಳಿಗೆ ಒಂದೂವರೆ ಲಕ್ಷ ಬಾಡಿಗೆ ನಿಮ್ಮದು, ಅದು ಬೀಳುವ ಖಾತೆಯೂ ನಿಮ್ಮದು, ಕಾರ್ಡು ಮಾತ್ರ ಮಗನ ಜೇಬಿನಲ್ಲಿದೆ. ಇಷ್ಟು ಇರುವವರು ಇನ್ನೊಬ್ಬರ ತೆರಿಗೆ ತಿನ್ನಬಹುದೇ? ಹೇಳಲು ಹಿತವಾಗಿದ್ದರಿಂದ ಎರಡನೇ ಸಲವೂ ಹೇಳಿದೆ.

“ನಂದಾ?” ಎಂದರು ಆಕೆ. ಪಾಸ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು, “ಎಲ್ಲಾನೂವಾ?” ಎಂದರು. ನನ್ನನ್ನು ದರ್ಶಿನಿಗೆ ಕರೆದುಕೊಂಡು ಹೋಗಿ ಎರಡು ಟೋಕನ್ ಕೊಂಡರು. ಖಾರಾಬಾತ್ ಚೆನ್ನಾಗಿಯೇ ಇತ್ತು.

ಆಮೇಲೆ ಕೆಳಗಿನ ಮನೆಯಲ್ಲಿ ಎರಡು ದಿನ ದೊಡ್ಡ ದನಿಗಳು ಕೇಳಿದವು. ಹೆಚ್ಚಿನವು ಕೆಂಪರಾಜುವಿನವು. ಮೂರನೇ ದಿನ ಗೇಟಿನ ಪಕ್ಕ ಅಂಟಿಸಿದ್ದ ಸ್ಕ್ಯಾನರ್ ಚೀಟಿ ಮಾಯವಾಗಿತ್ತು. ಕೆಂಪರಾಜು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದ. ಸತ್ಯ ಹೇಳಿದವರಿಗೆ ಇದೆಲ್ಲ ಇದ್ದದ್ದೇ ಎಂದು ನಾನು ಪಾರ್ಕಿನಲ್ಲಿ ಹೇಳಿಕೊಂಡೆ.

ಐದನೇ ತಾರೀಖು ಮುನಿಲಕ್ಷ್ಮಮ್ಮನವರೇ ಮೇಲೆ ಬಂದರು. ಕೈಯಲ್ಲಿ ಚಿನ್ನದ ಬಳೆಗಳಿದ್ದವು. ಯಾವತ್ತೂ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದವರು ಅಂದು ಒಳಗೆ ಬಂದು, ನಾನು ಪೇಪರ್ ಓದುವ ಕುರ್ಚಿಯಲ್ಲಿ ಕುಳಿತರು. ಇನ್ನು ಮೇಲೆ ಬಾಡಿಗೆಯನ್ನು ತಮ್ಮ ಕೈಗೇ ಕೊಡಬೇಕೆಂದರು. ನಾನು ಮೊದಲೇ ತೆಗೆದಿಟ್ಟಿದ್ದ ಹಣ ಕೊಟ್ಟೆ. ಎಣಿಸಿ ಚೀಲಕ್ಕೆ ಹಾಕಿಕೊಂಡರು, ಆದರೆ ಏಳಲಿಲ್ಲ.

“ಇನ್ನು ಮುಂದಕ್ಕೆ ಎರಡು ಸಾವಿರ ಜಾಸ್ತಿ ಕೊಡಿ ಐನೋರೇ.”

“ಏನಕ್ಕೆ?” ಎಂದೆ.

ಆಕೆ ಬಳೆಗಳನ್ನು ಹಿಂದಕ್ಕೆ ಸರಿಸಿ ಕೈ ಚಾಚಿದರು. ಅಡುಗೆಮನೆಯಿಂದ ಬಂದ ಸೀತಮ್ಮ ನನ್ನ ಪರ್ಸಿನಿಂದ ನಾಲ್ಕು ಐನೂರರ ನೋಟು ತೆಗೆದು, ಏನೂ ಕೇಳದೆ ಅವರ ಕೈಗಿಟ್ಟಳು.